ಸಂಕದ ಉದ್ದ ಅಳೆಯುವುದು ಹೇಗೆ

ಸೇತುವೆ ಎಷ್ಟು ಉದ್ದ ಅಂತ ಕೇಳಿದರೆ ಇಂಜಿನಿಯರ್ ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಹಳ್ಳದ ಪಕ್ಕ ಬೆಳೆದವರಿಗೆ ಇನ್ನೊಂದು ಲೆಕ್ಕ ಗೊತ್ತಿರುತ್ತದೆ. ಈ ಸಂಕ, ಅಂದರೆ ಹಳ್ಳ ದಾಟಲು ಹಾಕಿದ ಸಣ್ಣ ಸೇತುವೆ, ಇಲ್ಲದಿದ್ದರೆ ಎಷ್ಟು ದೂರ ಸುತ್ತಿ ಬರಬೇಕು? ಆ ಸುತ್ತು ಎಷ್ಟೋ, ಸಂಕದ ಬೆಲೆ ಅಷ್ಟು. ಐದಾರು ಮಾರು ಅಗಲದ ಹಳ್ಳಕ್ಕೆ ಅಡ್ಡ ಹಾಕಿದ ಎರಡು ಅಡಿಕೆ ಮರ ಒಂದು ಗಂಟೆಯ ನಡಿಗೆ ಉಳಿಸುತ್ತದೆ ಅಂದರೆ, ನನ್ನ ಮಟ್ಟಿಗೆ ಅದು ದೊಡ್ಡ ಸೇತುವೆಯೇ.

ಇದನ್ನು ಬರೆಯಬೇಕು ಅನ್ನಿಸಿ ಬಹಳ ದಿನವಾಯಿತು. ದೊಡ್ಡ ಸೇತುವೆ ಉದ್ಘಾಟನೆಯಾದಾಗ ಡ್ರೋನ್ ಹಾರುತ್ತದೆ, ಫೋಟೋ ಬರುತ್ತದೆ, ಎಲ್ಲರೂ ಹಂಚಿಕೊಳ್ಳುತ್ತಾರೆ. ಬರಲಿ, ಸಂತೋಷವೇ. ಆದರೆ ಕಾಲುಸಂಕ ಸುದ್ದಿಯಾಗುವುದು ಅದರಿಂದ ಯಾರಾದರೂ ಬಿದ್ದಾಗ ಮಾತ್ರ. ಈ ಕಾಲುಸಂಕದಿಂದಲೇ ಮಾತು ಶುರು ಮಾಡೋಣ.

ಕಾಲುಸಂಕ ಹಾಕುವುದು ಮೇ ಕೊನೆಯ ಕೆಲಸ. ಸೌದೆ ಕೊಟ್ಟಿಗೆ ಸೇರಿರಬೇಕು, ಮಾಡಿನ ಹಂಚು ಸರಿಮಾಡಿರಬೇಕು, ಸಂಕ ಬಿದ್ದಿರಬೇಕು. ಮುಂಗಾರು ಹಿಡಿದ ಮೇಲೆ ಇದ್ಯಾವುದೂ ಆಗುವುದಿಲ್ಲ. ತೋಟದಲ್ಲಿ ಫಲ ನಿಂತ ಹಳೇ ಅಡಿಕೆ ಮರ ನೋಡಿ ಕಡಿಯುತ್ತಾರೆ. ಎರಡು ಮರ ಸಾಕು, ಮೂರು ಸಿಕ್ಕರೆ ಒಳ್ಳೇದು. ನಾಲ್ಕೈದು ಜನ ಹೆಗಲು ಕೊಟ್ಟು ಹಳ್ಳದವರೆಗೆ ಹೊತ್ತು ತರಬೇಕು. ಎರಡೂ ದಡದಲ್ಲಿ ಕಲ್ಲು ಪೇರಿಸಿ ಎತ್ತರ ಮಾಡಿ ಅದರ ಮೇಲೆ ಬುಡ, ತುದಿ ಅದಲುಬದಲು ಇಟ್ಟು ಕೂರಿಸುತ್ತಾರೆ. ಎಲ್ಲದರ ಬುಡವೂ ಒಂದೇ ಕಡೆ ಬಂದರೆ ಆ ಕಡೆ ಗಟ್ಟಿ, ಈ ಕಡೆ ಸಪೂರ. ಮೊದಲು ಬೆತ್ತದಲ್ಲೋ ಕಾಡುಬಳ್ಳಿಯಲ್ಲೋ ಕಟ್ಟುತ್ತಿದ್ದರು. ಈಗ ನೈಲಾನ್ ಹಗ್ಗ, ಬೈಂಡಿಂಗ್ ವಯರ್. ಒಂದು ಪಕ್ಕಕ್ಕೆ ಕವಲು ಗೂಟ ನೆಟ್ಟು ಬಿದಿರು ಗಳವನ್ನೋ ಅಡಿಕೆ ದಬ್ಬೆಯನ್ನೋ ಅಡ್ಡಕ್ಕೆ ಬಿಗಿದರೆ ಅದೇ ಕೈಹಿಡಿ. ಕೆಲವು ಕಡೆ ಅದೂ ಇರುವುದಿಲ್ಲ.

ಹೊಸ ಸಂಕ ಅಷ್ಟೇನೂ ಹೆದರಿಸುವುದಿಲ್ಲ. ಜುಲೈ ಹೊತ್ತಿಗೆ ಮರದ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಆಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯಬೇಕು. ಕಾಲಿನ ಹೆಬ್ಬೆರಳನ್ನು ಎರಡು ಮರದ ನಡುವಿನ ಸಂದಿಗೆ ಒತ್ತಿ ಒತ್ತಿ ಹೆಜ್ಜೆ ಇಡಬೇಕು. ಕೊಡೆ ಬಿಚ್ಚಿ ದಾಟುವ ಹಾಗಿಲ್ಲ, ಗಾಳಿ ಕೊಡೆಯ ಜೊತೆ ನಿಮ್ಮನ್ನೂ ಎಳೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ನೀರು ನೋಡಬಾರದು. ಕೆಂಪು ನೀರು ರಭಸದಲ್ಲಿ ಹರಿಯುತ್ತಿರುವಾಗ ಅದನ್ನೇ ನೋಡುತ್ತಾ ನಿಂತರೆ ಸ್ವಲ್ಪ ಹೊತ್ತಿಗೆ ನೀರು ನಿಂತ ಹಾಗೆ, ಸಂಕವೇ ನೀರಿಗೆ ಎದುರಾಗಿ ಓಡಿದ ಹಾಗೆ ಅನ್ನಿಸತೊಡಗುತ್ತದೆ. ತಲೆ ಸುತ್ತುತ್ತದೆ. "ಆಚೆ ದಡದ ಮರ ನೋಡು ಮಗಾ, ಕೆಳಗೆ ನೋಡ್ಬೇಡ" ಅಂತ ಅಜ್ಜಿ ಹಿಂದಿನಿಂದ ಕೂಗುತ್ತಿದ್ದರು. ಸಂಕ ದಾಟುವ ಮಕ್ಕಳೆಲ್ಲ ಈ ಮಾತನ್ನು ಅಜ್ಜಿಯಿಂದಲೋ ಅಪ್ಪನಿಂದಲೋ ಕೇಳಿಯೇ ಇರುತ್ತಾರೆ. ದೊಡ್ಡವರು ಹಗುರಾಗಿ ದಾಟುವ ಸಂಕವನ್ನು ಪಾಟಿಚೀಲ ಬೆನ್ನಿಗೆ ಹಾಕಿಕೊಂಡ ಏಳು ವರ್ಷದ ಮಗುವೂ ದಿನಕ್ಕೆ ಎರಡು ಸಲ ದಾಟಬೇಕು ಅನ್ನುವುದು ನನಗೆ ಈಗ ನೆನೆದರೆ ಮೈ ಜುಂ ಅನ್ನುತ್ತದೆ.

2022ರ ಮಳೆಗಾಲದಲ್ಲಿ ಉಡುಪಿ ಜಿಲ್ಲೆ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದು ಕೊಚ್ಚಿಹೋದಳು. ದೇಹ ಸಿಗಲು ದಿನಗಳೇ ಹಿಡಿದವು. ಆಮೇಲೆ ಅಧಿಕಾರಿಗಳು ಬಂದರು, ನಾಯಕರು ಬಂದರು. ಜಿಲ್ಲೆಯಲ್ಲಿ ಇಂಥ ಸಂಕ ಎಷ್ಟಿವೆ ಅಂತ ಪಟ್ಟಿ ಮಾಡುವ ಮಾತು ಬಂತು. ನನಗೆ ಕಾಡಿದ್ದು ಅದೇ. ಆ ಪಟ್ಟಿ ಅಷ್ಟರೊಳಗೆ ಇರಬೇಕಿತ್ತಲ್ವಾ? ಪ್ರತಿ ಗ್ರಾಮ ಪಂಚಾಯಿತಿ ಸದಸ್ಯರಿಗೂ ತಮ್ಮ ವಾರ್ಡಿನ ಸಂಕಗಳು ಬಾಯಿಪಾಠ ಗೊತ್ತಿರುತ್ತವೆ. ಕಾಗದದ ಮೇಲೆ ಬರಲು ಒಂದು ಮಗು ಹೋಗಬೇಕಾಯಿತು.

ಸಂಕದ ಆಚೆ ಇರುವ ಮನೆಗಳ ಮಳೆಗಾಲವೇ ಬೇರೆ. ಅಕ್ಕಿ, ಬೇಳೆ, ಸೀಮೆಎಣ್ಣೆ ಎಲ್ಲ ಜೂನ್ ಮೊದಲೇ ತುಂಬಿಸಿಟ್ಟುಕೊಳ್ಳಬೇಕು. ಮನೆಯಲ್ಲಿ ಬಸುರಿ ಇದ್ದರೆ ಮಳೆಗೆ ಮುಂಚೆಯೇ ಪೇಟೆಯ ನೆಂಟರ ಮನೆಗೆ ಕಳಿಸುತ್ತಾರೆ. ಕರೆಯುವ ದನ ಇದ್ದರೂ ಡೇರಿಗೆ ಹಾಲು ಹಾಕಲು ಆಗದ ದಿನಗಳು ಬರುತ್ತವೆ. ಹಾಲು ಕಾಯಿಸಿ, ಹೆಪ್ಪು ಹಾಕಿ, ತುಪ್ಪ ಮಾಡಿ ಎಷ್ಟು ಅಂತ ಇಡುವುದು? ಜ್ವರ ಬಂದವರನ್ನು ಪ್ಲಾಸ್ಟಿಕ್ ಕುರ್ಚಿಗೆ ಕಟ್ಟಿ ಅಥವಾ ಕಂಬಳಿ ಜೋಲಿಯಲ್ಲಿ ಹಾಕಿ ಹೊತ್ತು ತರುವ ವಿಡಿಯೋಗಳನ್ನು ನಾವೆಲ್ಲ ಫೋನಿನಲ್ಲಿ ನೋಡಿದ್ದೇವೆ. ಅಂಥ ವಿಡಿಯೋ ಬಂದಾಗಲೆಲ್ಲ ಕೆಳಗೆ ಯಾರಾದರೂ "ಇವರು ಅಲ್ಲಿ ಯಾಕೆ ಇರಬೇಕು, ಪೇಟೆಗೆ ಬರಬಹುದಲ್ಲ" ಅಂತ ಬರೆದಿರುತ್ತಾರೆ. ಅದನ್ನು ಓದಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ತೋಟ ಇರುವುದು ಅಲ್ಲಿ. ಗದ್ದೆ ಇರುವುದು ಅಲ್ಲಿ. ಹಿರಿಯರ ಕಲ್ಲು ಇರುವುದು ಅಲ್ಲಿ. ಹಳ್ಳ ತುಂಬುವುದು ವರ್ಷದಲ್ಲಿ ನಾಲ್ಕು ತಿಂಗಳು, ಬದುಕು ಹನ್ನೆರಡು ತಿಂಗಳಿನದು.

ಹಾಗಾದರೆ ಗಟ್ಟಿ ಸೇತುವೆ ಯಾಕೆ ಆಗುವುದಿಲ್ಲ? ಸುಮ್ನೆ ನಿರ್ಲಕ್ಷ್ಯ ಅಂದುಬಿಟ್ಟರೆ ಅರ್ಧ ಮಾತ್ರ ಹೇಳಿದ ಹಾಗೆ. ಕಾಂಕ್ರೀಟ್ ಸೇತುವೆ ಕಟ್ಟಲು ಹಳ್ಳದ ಹತ್ತಿರ ಜಲ್ಲಿ, ಸಿಮೆಂಟು, ಕಬ್ಬಿಣ ಬರಬೇಕು. ಅದಕ್ಕೆ ಲಾರಿ ಬರುವ ರಸ್ತೆ ಬೇಕು. ಸೇತುವೆ ಇಲ್ಲದ ಊರಿಗೆ ರಸ್ತೆ ಯಾಕೆ ಅಂತ ರಸ್ತೆಯ ಕಡೆಯವರು, ರಸ್ತೆ ಇಲ್ಲದ ಕಡೆ ಸೇತುವೆ ಹೇಗೆ ಅಂತ ಸೇತುವೆಯ ಕಡೆಯವರು. ಎಂಟು ಮನೆಗೆ ಇಷ್ಟು ಲಕ್ಷ ಯಾಕೆ ಅನ್ನುವ ಪ್ರಶ್ನೆ ಬೇರೆ. ಜೊತೆಗೆ ಅರಣ್ಯ ಇಲಾಖೆಯ ಒಪ್ಪಿಗೆ. ಹೀಗೆ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಅಡಿಕೆ ಮರ ಎರಡು ಸಲ ಕೊಳೆತು ಹೊಸದು ಬಿದ್ದಿರುತ್ತದೆ. ಈಚೆಗೆ ನರೇಗಾದಲ್ಲಿ ಕೆಲವು ಪಂಚಾಯಿತಿಗಳು ಕಾಂಕ್ರೀಟಿನ ಕಾಲುಸಂಕ ಮಾಡಿಸಿವೆ. ಎರಡು ಕಡೆ ಕಲ್ಲು ಕಟ್ಟಿ, ಮೇಲೆ ಒಂದು ಮೀಟರ್ ಅಗಲದ ಸ್ಲ್ಯಾಬ್, ಪಕ್ಕಕ್ಕೆ ಪೈಪಿನ ಕೈಹಿಡಿ. ಅಷ್ಟೇ. ಕಾರು ಹೋಗಬೇಕಾಗಿಲ್ಲ. ಮಗು ಚಪ್ಪಲಿ ಹಾಕಿಕೊಂಡೇ ದಾಟಿದರೆ ಸಾಕು.

ಸಣ್ಣ ಹಳ್ಳಕ್ಕೆ ಇದು ಸರಿ. ಹೊಳೆ ದೊಡ್ಡದಿದ್ದರೆ? ಇಲ್ಲಿ ಸುಳ್ಯದ ಗಿರೀಶ್ ಭಾರದ್ವಾಜರ ಕೆಲಸದ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಅವರು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಸಿವಿಲ್ ಅಲ್ಲ. ಸುಳ್ಯದ ಪಕ್ಕ ಅರಂಬೂರಿನಲ್ಲಿ ಪಯಸ್ವಿನಿ ಹೊಳೆ ದಾಟಲು ಜನ ಪಡುತ್ತಿದ್ದ ಪಾಡು ನೋಡಿ 1989ರಲ್ಲಿ ಅಲ್ಲಿ ಒಂದು ತೂಗುಸೇತುವೆ ಕಟ್ಟಿದರು. ಅದು ಮೊದಲನೆಯದು. ಆಮೇಲೆ ಒಂದರ ಹಿಂದೆ ಒಂದರಂತೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾ ಅಂತ ನೂರಕ್ಕೂ ಹೆಚ್ಚು ತೂಗುಸೇತುವೆಗಳಾದವು. 2017ರಲ್ಲಿ ಪದ್ಮಶ್ರೀ ಬಂತು. ಅವರ ಸೇತುವೆಗಳು ಹೋದ ಜಾಗ ನೋಡಿ. ಬಹುತೇಕ ಕಡೆ ಲಾರಿ ಹೋಗುವುದಿಲ್ಲ, ಕ್ರೇನ್ ಹೋಗುವುದಿಲ್ಲ. ಅಲ್ಲಿಯ ಜನರೇ ಹೊತ್ತು, ಎಳೆದು, ಕೈಜೋಡಿಸಿ ನಿಲ್ಲಿಸಬೇಕು.

ತೂಗುಸೇತುವೆಯ ಜಾಣತನ ಇರುವುದು ಅದು ಹೊಳೆಯನ್ನು ಮುಟ್ಟದೇ ಇರುವುದರಲ್ಲಿ. ಎರಡೂ ದಡದಲ್ಲಿ ಒಂದೊಂದು ಗೋಪುರ. ಗೋಪುರದ ಹಿಂದೆ ನೆಲದೊಳಗೆ ಹೂತ ದೊಡ್ಡ ಕಾಂಕ್ರೀಟ್ ಗಡ್ಡೆ. ಉಕ್ಕಿನ ದಪ್ಪ ಹಗ್ಗದ ಒಂದು ತುದಿಯನ್ನು ಆ ಗಡ್ಡೆಗೆ ಬಿಗಿದು, ಗೋಪುರದ ನೆತ್ತಿಯ ಮೇಲಿಂದ ಹಾಯಿಸಿ, ಹೊಳೆಯ ಮೇಲೆ ಜೋಲುಬಿಟ್ಟು, ಆಚೆ ಗೋಪುರದ ಮೇಲಿಂದ ಇಳಿಸಿ, ಆಚೆ ಗಡ್ಡೆಗೆ ಬಿಗಿಯುತ್ತಾರೆ. ಜೋಲುಬಿದ್ದ ಹಗ್ಗದಿಂದ ಸಾಲಾಗಿ ಕಬ್ಬಿಣದ ಸರಳುಗಳು ಕೆಳಗಿಳಿಯುತ್ತವೆ. ಗೋಪುರದ ಹತ್ತಿರದ ಸರಳು ಉದ್ದ, ನಡುವಿನದು ಗಿಡ್ಡ. ಅವುಗಳ ತುದಿಗೆ ನಡೆಯುವ ಹಾಸು ಕೂರುತ್ತದೆ. ನೀವು ಹಾಸಿನ ಮೇಲೆ ಕಾಲಿಟ್ಟಾಗ ನಿಮ್ಮ ಭಾರ ಸರಳು ಹತ್ತಿ, ಹಗ್ಗ ಹಿಡಿದು, ಗೋಪುರದ ಮೂಲಕ ನೆಲಕ್ಕೆ ಇಳಿಯುತ್ತದೆ. ಹಗ್ಗದ ಎಳೆತವನ್ನು ನೆಲದೊಳಗಿನ ಗಡ್ಡೆ ಹಿಡಿದುಕೊಳ್ಳುತ್ತದೆ. ಹೊಳೆಯ ನಡುವೆ ಕಂಬ ಬೇಡ. ನೀರು ಕಟ್ಟಿ ಪಾಯ ತೋಡುವ ಗೋಜಿಲ್ಲ. ಎಲ್ಲ ಸಾಮಾನೂ ಬಿಡಿಬಿಡಿಯಾಗಿ ತಲೆಹೊರೆಯಲ್ಲಿ ಬರುತ್ತದೆ. ಖರ್ಚು ಕಾಂಕ್ರೀಟ್ ಸೇತುವೆಗೆ ಹೋಲಿಸಿದರೆ ಬಹಳ ಕಮ್ಮಿ, ಕೆಲಸ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ.

ತೂಗುಸೇತುವೆ ದಾಟುವುದಕ್ಕೂ ಒಂದು ಗತ್ತಿದೆ. ಮೊದಲ ಹತ್ತು ಹೆಜ್ಜೆ ಏನೂ ಅನ್ನಿಸುವುದಿಲ್ಲ. ನಡುವಿಗೆ ಬಂದಾಗ ಎದುರಿಂದ ಯಾರೋ ಹುಲ್ಲುಹೊರೆ ಹೊತ್ತು ಬರುತ್ತಾರೆ. ಅವರ ಹೆಜ್ಜೆ ನಿಮ್ಮ ಕಾಲಿಗೆ ಗೊತ್ತಾಗುತ್ತದೆ. ಹಾಸಿನ ತುಂಡುಗಳು ಒಂದಕ್ಕೊಂದು ತಾಗಿ ಕಟಕಟ ಅನ್ನುತ್ತವೆ. ಹೊಸಬರು ಪಕ್ಕದ ತಂತಿ ಹಿಡಿದು ನಿಂತುಬಿಡುತ್ತಾರೆ. ಊರವರು ಹೊರೆಯನ್ನು ಸ್ವಲ್ಪ ಓರೆ ಮಾಡಿ, "ಬನ್ನಿ ಬನ್ನಿ, ಏನಾಗಲ್ಲ" ಅಂತ ಹೇಳಿ ಪಕ್ಕದಲ್ಲೇ ಜಾರಿಕೊಂಡು ಹೋಗುತ್ತಾರೆ. ಉಡುಪಿಯ ಹತ್ತಿರ ಕೆಮ್ಮಣ್ಣಿನಿಂದ ತಿಮ್ಮಣ್ಣ ಕುದ್ರುವಿಗೆ, ಅಂದರೆ ನದಿಯ ನಡುವಿನ ದ್ವೀಪಕ್ಕೆ, ಹೋಗುವ ತೂಗುಸೇತುವೆಯ ಮೇಲೆ ಈಗ ಫೋಟೋ ತೆಗೆಯಲು ಬರುವವರೇ ಜಾಸ್ತಿ. ಕೆಳಗೆ ಸ್ವರ್ಣಾ ನದಿ, ಸುತ್ತ ತೆಂಗು. ಚಂದವೇ. ಅಲ್ಲಿ ನಿಂತು ಫೋಟೋ ತೆಗೆಯುವಾಗ ಕುದ್ರುವಿನವರು ಮೀನು, ತೆಂಗಿನಕಾಯಿ, ಗ್ಯಾಸ್ ಸಿಲಿಂಡರ್ ಹಿಡಿದು ಬರುತ್ತಿದ್ದರೆ ದಾರಿ ಬಿಡಿ. ಅವರಿಗೆ ಅದು ಮನೆಯ ದಾರಿ.

2018ರ ಜೂನ್‌ನಲ್ಲಿ ನಡೆದದ್ದು ಕೇಳಿ. ಫಲ್ಗುಣಿ ನದಿಗೆ ಮೂಲರಪಟ್ಣದಲ್ಲಿ ವಾಹನಗಳು ಹೋಗುವ ಕಾಂಕ್ರೀಟ್ ಸೇತುವೆ ಇತ್ತು. ಬಂಟ್ವಾಳದ ಕಡೆಯನ್ನೂ ಮಂಗಳೂರಿನ ಕಡೆಯನ್ನೂ ಸೇರಿಸುತ್ತಿದ್ದ ಸೇತುವೆ. ಒಂದು ಸಂಜೆ ಅದು ಕುಸಿಯಿತು. ಪುಣ್ಯಕ್ಕೆ ಆಗ ಮೇಲೆ ಯಾರೂ ಇರಲಿಲ್ಲ. ಮರಳು ತೆಗೆದು ತೆಗೆದು ಹೀಗಾಯಿತು ಅಂತ ಊರವರು ದೂರಿದರು. ಕಂಬದ ಬುಡದ ಮರಳು ಹೋದರೆ ಏನಾಗುತ್ತದೆ ಅನ್ನುವುದು ಕಷ್ಟದ ವಿಷಯವೇನಲ್ಲ. ಹೊಳೆ ಕಂಬಕ್ಕೆ ತಾಗಿದಾಗ ನೀರು ಅಲ್ಲೇ ಸುಳಿದು ಬುಡದ ಮಣ್ಣನ್ನು ಕೊರೆಯುತ್ತದೆ. ಅದಕ್ಕೇ ಪಾಯವನ್ನು ಅಷ್ಟು ಆಳಕ್ಕೆ ಇಳಿಸಿರುತ್ತಾರೆ. ಹೊಳೆಯ ತಳವನ್ನೇ ನಾವು ಬಗೆದು ಕೆಳಗಿಳಿಸಿದರೆ ಆಳದ ಪಾಯವೂ ಮೇಲೆ ತೇಲಿದ ಹಾಗಾಗುತ್ತದೆ. ಅಲ್ಲಿ ಆಗ ಜನರ ಕೈಹಿಡಿದದ್ದು ಹತ್ತಿರವೇ ಇದ್ದ ಹಳೆಯ ತೂಗುಸೇತುವೆ. ಈಚೆ ಬಸ್ಸಿನಿಂದ ಇಳಿದು, ತೂಗುಸೇತುವೆಯಲ್ಲಿ ನಡೆದು ದಾಟಿ, ಆಚೆ ಇನ್ನೊಂದು ಬಸ್ಸು ಹತ್ತುತ್ತಿದ್ದರು. ದೊಡ್ಡದು ಬಂದ ಮೇಲೆ ಸಣ್ಣದನ್ನು ಕಿತ್ತುಹಾಕದೇ ಉಳಿಸಿದ್ದು ಎಂಥ ಒಳ್ಳೆಯ ಕೆಲಸ!

ಹಾಗಂತ ತೂಗುಸೇತುವೆ ಎಲ್ಲವನ್ನೂ ತಡೆದುಕೊಳ್ಳುತ್ತದೆ ಅಂತಲ್ಲ. ನೀರು ಹಾಸಿನ ಮಟ್ಟಕ್ಕೆ ಬಂದರೆ ಕತೆ ಮುಗಿಯಿತು. ನೆರೆಯಲ್ಲಿ ಬರೀ ನೀರು ಬರುವುದಿಲ್ಲ. ಬೇರುಸಮೇತ ಕಿತ್ತ ಮರ, ದಿಮ್ಮಿ, ಬಿದಿರು ಮೆಳೆ ಬರುತ್ತದೆ. ಅದು ಹಾಸಿಗೆ ಸಿಕ್ಕಿಕೊಂಡರೆ ಹಿಂದಿನ ನೀರೆಲ್ಲ ಅದನ್ನು ನೂಕುತ್ತದೆ. 2019ರ ಆಗಸ್ಟ್ ನೆರೆಯಲ್ಲಿ ಅಂಕೋಲಾ ತಾಲ್ಲೂಕಿನ ರಾಮನಗುಳಿಯಲ್ಲಿ ಗಂಗಾವಳಿ ನದಿಯ ತೂಗುಸೇತುವೆ ಕೊಚ್ಚಿಹೋಯಿತು. ಅದನ್ನೇ ನಂಬಿದ್ದ ಆಚೆ ದಡದ ಊರುಗಳು ಮತ್ತೆ ದೋಣಿಗೆ, ಸುತ್ತು ದಾರಿಗೆ ಬಿದ್ದವು. ಮೊದಲಿನ ನೆರೆಯ ಗುರುತು ನೋಡಿ ಎತ್ತರ ನಿಗದಿ ಮಾಡುತ್ತಿದ್ದ ಕಾಲ ಮುಗಿದಿದೆ. ಈಗ ಸುರಿಯುವ ಮಳೆಗೆ ಆ ಗುರುತು ಸಾಲದು.

ಇನ್ನು ನೋಡಿಕೊಳ್ಳುವ ವಿಷಯ. ನನಗೆ ತುಂಬ ಚಿಂತೆ ಇರುವುದು ಇಲ್ಲಿಯೇ. ತೂಗುಸೇತುವೆ ಅಂದರೆ ಕಬ್ಬಿಣ. ನಮ್ಮ ಕಡೆಯ ಮಳೆಯಲ್ಲಿ ಕಬ್ಬಿಣವನ್ನು ಬಿಟ್ಟರೆ ಅದು ಉಳಿಯುವುದಿಲ್ಲ. ಹಗ್ಗಕ್ಕೆ ಗ್ರೀಸ್ ಹಚ್ಚಬೇಕು. ಸರಳಿನ ನಟ್ಟು ಸಡಿಲಾಗಿದೆಯಾ ಅಂತ ಒಂದೊಂದನ್ನೇ ಕೈಯಲ್ಲಿ ಮುಟ್ಟಿ ನೋಡಬೇಕು. ಬಣ್ಣ ಎದ್ದ ಕಡೆ ಕೆರೆದು ಮತ್ತೆ ಹೊಡೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಹಗ್ಗ ನೆಲದೊಳಗೆ ಹೋಗುವ ಜಾಗ ನೋಡಬೇಕು. ಅಲ್ಲಿ ಹುಲ್ಲು ಬೆಳೆದು, ತರಗೆಲೆ ತುಂಬಿ, ನೀರು ನಿಂತಿರುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದ, ಯಾರ ಕಣ್ಣಿಗೂ ಬೀಳದ ಜಾಗದಿಂದ. ನಾನು ಯಾವುದೇ ತೂಗುಸೇತುವೆಗೆ ಹೋದರೂ ಮೊದಲು ಗೋಪುರದ ಹಿಂದೆ ಹೋಗಿ ಆ ಗಡ್ಡೆ ನೋಡುತ್ತೇನೆ. ಹುಲ್ಲು ಕೊಯ್ದು ಒಪ್ಪವಾಗಿಟ್ಟಿದ್ದರೆ ಆ ಊರಲ್ಲಿ ಯಾರೋ ಒಬ್ಬರು ಕಾಳಜಿಯವರು ಇದ್ದಾರೆ ಅಂತ ಅರ್ಥ. ಬಹಳ ಕಡೆ ಹುಲ್ಲೇ ಇರುತ್ತದೆ.

2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ಮಚ್ಛು ನದಿಯ ತೂಗುಸೇತುವೆ ಹರಿದು 130ಕ್ಕೂ ಹೆಚ್ಚು ಜನ ಸತ್ತರು. ದುರಸ್ತಿ ಆಯಿತು ಅಂತ ಹೇಳಿ ಕೆಲವೇ ದಿನಗಳ ಹಿಂದೆ ತೆರೆದಿದ್ದ ಸೇತುವೆ. ಇಡೀ ದೇಶ ಆ ದೃಶ್ಯ ನೋಡುತ್ತಿದ್ದ ಅದೇ ದಿನಗಳಲ್ಲಿ ನಮ್ಮ ಉತ್ತರ ಕನ್ನಡದಲ್ಲಿ, ಯಲ್ಲಾಪುರದ ಕಡೆಯ ಶಿವಪುರ ತೂಗುಸೇತುವೆಯ ಮೇಲೆ ಪ್ರವಾಸಿಗರು ಕಾರು ನುಗ್ಗಿಸಿದರು. ನಡೆದುಹೋಗಲು ಮಾಡಿದ ಸೇತುವೆ. ಊರವರು ಓಡಿಬಂದು, ತಡೆದು, ಕಾರನ್ನು ಹಿಂದಕ್ಕೆ ತಳ್ಳಿಸಿದರು. ಆ ವಿಡಿಯೋ ನೋಡಿದಾಗ ಊರವರ ದನಿಯಲ್ಲಿದ್ದ ಗಾಬರಿ ಇನ್ನೂ ನೆನಪಿದೆ. ಪ್ರವಾಸಿಗರಿಗೆ ಅದೊಂದು ಮಜಾ. ಸೇತುವೆಗೆ ಏನಾದರೂ ಆಗಿದ್ದರೆ ಮರುದಿನದಿಂದ ನೀರಿನಲ್ಲಿ ದಾಟಬೇಕಾಗಿದ್ದವರು ಶಿವಪುರದವರು.

ದೊಡ್ಡ ಸೇತುವೆಗಳಿಗೂ ಆರೈಕೆ ತಪ್ಪಿದರೆ ಇದೇ ಗತಿ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಹೆದ್ದಾರಿ ಸೇತುವೆ ಕುಸಿಯಿತು. ಅದಕ್ಕಿನ್ನೂ ಸುಮಾರು ನಲವತ್ತೇ ವರ್ಷ. ಲಾರಿಯೊಂದು ನದಿಗೆ ಬಿತ್ತು. ಕ್ಯಾಬಿನ್ ಒಡೆದು ಮೇಲೆ ಹತ್ತಿ ಕೂತಿದ್ದ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಅದೇ ಶ್ರೀರಂಗಪಟ್ಟಣಕ್ಕೆ ಹೋದರೆ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಇನ್ನೂ ನಿಂತಿದೆ. ಕಲ್ಲಿನ ಕಂಬ, ಮೇಲೆ ಕಲ್ಲಿನ ತೊಲೆ. ಕಾವೇರಿಯ ಎಷ್ಟೋ ಪ್ರವಾಹ ಅದರ ಮೇಲೆ ಹಾದುಹೋಗಿವೆ. ಹಂಪಿಯಲ್ಲಿ ವಿಠ್ಠಲ ದೇವಸ್ಥಾನದ ಹತ್ತಿರ ತುಂಗಭದ್ರೆಗೆ ಇಳಿದರೆ ವಿಜಯನಗರದವರ ಸೇತುವೆಯ ಕಲ್ಲುಕಂಬಗಳ ಸಾಲು ಕಾಣುತ್ತದೆ. ಹಾಸು ಹೋಗಿದೆ, ಕಾಲುಗಳು ಉಳಿದಿವೆ. ಅದೇ ನದಿಗೆ, ಅಲ್ಲೇ ಆನೆಗೊಂದಿಯ ಕಡೆ ಹೊಸ ಸೇತುವೆ ಕಟ್ಟುತ್ತಿದ್ದಾಗ 2009ರ ಜನವರಿಯಲ್ಲಿ ಅದು ಕುಸಿದು ಕಾರ್ಮಿಕರು ಸತ್ತರು. ಪಾರಂಪರಿಕ ತಾಣದಲ್ಲಿ ಸೇತುವೆ ಬೇಕೋ ಬೇಡವೋ ಅನ್ನುವ ವಾದ ಅದಕ್ಕೂ ಮೊದಲು ವರ್ಷಗಟ್ಟಲೆ ನಡೆದಿತ್ತು. ಆ ವಾದದುದ್ದಕ್ಕೂ ಆನೆಗೊಂದಿಯವರು ಹರಿಗೋಲಿನಲ್ಲಿ ದಾಟುತ್ತಲೇ ಇದ್ದರು.

ಈಗ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ತುಮರಿಗೆ ಬರುತ್ತೇನೆ. ಸುತ್ತು ದಾರಿಯ ಲೆಕ್ಕ ಅಂದೆನಲ್ಲ, ಅದನ್ನು ತುಮರಿಯವರಷ್ಟು ವರ್ಷ ಹಾಕಿದವರು ರಾಜ್ಯದಲ್ಲಿ ಕಡಿಮೆ.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರು ಸಮುದ್ರ ಮಟ್ಟದಿಂದ 1,819 ಅಡಿ ಎತ್ತರದವರೆಗೆ ನಿಲ್ಲುತ್ತದೆ. ಆ ನೀರಿನ ಅಡಿಯಲ್ಲಿ ಊರುಗಳಿವೆ, ಗದ್ದೆಗಳಿವೆ, ತೋಟಗಳಿವೆ. ಮುಳುಗಡೆ ಅಂತ ಒಂದೇ ಪದದಲ್ಲಿ ಹೇಳಿಬಿಡುತ್ತೇವೆ. ಸಾವಿರಾರು ಕುಟುಂಬಗಳು ಲಾರಿ ಹತ್ತಿ ಬೇರೆ ಕಡೆ ಹೋದವು. ಕೆಲವರ ಜಮೀನಿನ ಹಕ್ಕಿನ ತಕರಾರು ಇವತ್ತಿಗೂ ಮುಗಿದಿಲ್ಲ. ಇತ್ತ ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್ ಕರೆಂಟು ಕೊಟ್ಟು ಇಡೀ ರಾಜ್ಯಕ್ಕೆ ದೀಪ ಹಚ್ಚಿತು. ಮುಳುಗದೇ ಉಳಿದ ತುಮರಿ, ಕರೂರು ಸೀಮೆಯ ಊರುಗಳು ಮಾತ್ರ ನೀರಿನ ಆಚೆ ಉಳಿದುಬಿಟ್ಟವು. ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು ಎಲ್ಲ ಸಾಗರದಲ್ಲಿ. ನಡುವೆ ಹಿನ್ನೀರು. ದಾಟಲು ಲಾಂಚ್. ಲಾಂಚ್ ಬೇಡವೆಂದರೆ ಕಾಡು ಬಳಸಿಕೊಂಡು ಹೊಸನಗರದ ಕಡೆಯಿಂದ ದೊಡ್ಡ ಸುತ್ತು.

ಲಾಂಚ್ ಕಂಡವರಿಗೆ ಅದರ ಚಂದ ಗೊತ್ತು. ಹೊಳೆಬಾಗಿಲಿನಲ್ಲಿ ಬಸ್ಸು ಹಾಗೇ ಲಾಂಚಿನ ಮೇಲೆ ಹತ್ತುತ್ತಿತ್ತು. ಜೊತೆಗೆ ಕಾರು, ಬೈಕು, ಸಿಗಂದೂರು ದೇವಸ್ಥಾನಕ್ಕೆ ಹೊರಟ ಜನ. ಡ್ರೈವರುಗಳು ಒಂದಿಂಚು ಜಾಗ ಬಿಡದ ಹಾಗೆ ಗಾಡಿ ನಿಲ್ಲಿಸುತ್ತಿದ್ದರು. ನೀರಿನ ಮಧ್ಯೆ ತಂಪು ಗಾಳಿ, ಸುತ್ತ ಬೆಟ್ಟ. ಪ್ರವಾಸಿಗರು ಸೆಲ್ಫಿ ತೆಗೆಯುತ್ತಿದ್ದರು. ಅದೇ ಲಾಂಚಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಎಕ್ಸ್‌ರೇ ಹಿಡಿದು ನಿಂತವರು ಇರುತ್ತಿದ್ದರು. ಸಾಗರದಲ್ಲಿ ಡಾಕ್ಟರು ಸಿಗುವುದು ತಡವಾದರೆ ಕೊನೇ ಲಾಂಚ್ ತಪ್ಪುತ್ತದೆ, ತಪ್ಪಿದರೆ ರಾತ್ರಿ ಈಚೆ ದಡದಲ್ಲೇ. ಮದುವೆ ಮನೆಯಲ್ಲೂ ಅಷ್ಟೇ, ಊಟದ ಎಲೆ ಮುಂದೆ ಕೂತಾಗಲೂ ಗಡಿಯಾರದ ಮೇಲೆ ಕಣ್ಣು. ಮಳೆ ಕಮ್ಮಿಯಾದ ವರ್ಷ ಬೇಸಿಗೆಯಲ್ಲಿ ನೀರು ಇಳಿದು ಲಾಂಚಿಗೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು. ಊರನ್ನು ಮುಳುಗಿಸಿದ ನೀರು, ದಾಟಲು ಬೇಕಾದಾಗ ಸಾಕಾಗುತ್ತಿರಲಿಲ್ಲ.

2025ರ ಜುಲೈ 14ರಂದು ಹಿನ್ನೀರಿನ ಈಚೆ ದಡದ ಅಂಬಾರಗೋಡ್ಲು ಮತ್ತು ಆಚೆ ದಡದ ಕಳಸವಳ್ಳಿ ನಡುವಿನ ಸೇತುವೆ ತೆರೆಯಿತು. ಸುಮಾರು 2.4 ಕಿಲೋಮೀಟರ್ ಉದ್ದ. ನಡುವಿನ ಭಾಗವನ್ನು ಕೇಬಲ್ ಎತ್ತಿ ಹಿಡಿದಿದೆ. ಖರ್ಚು ನಾನೂರು ಕೋಟಿಗೂ ಜಾಸ್ತಿ. ಅಣೆಕಟ್ಟು ಮುಗಿದು 61 ವರ್ಷಗಳಾದ ಮೇಲೆ. ಈ ಅಂಕಿ ಬರೆಯುವಾಗ ಪ್ರತಿ ಸಲವೂ ನನ್ನ ಕೈ ನಿಲ್ಲುತ್ತದೆ. ನೀರು ನಿಲ್ಲಿಸಿದ ವರ್ಷ ಹುಟ್ಟಿದ ಮಗು ನೌಕರಿ ಸೇರಿ, ನಿವೃತ್ತಿಯಾಗಿ, ಪಿಂಚಣಿ ತೆಗೆದುಕೊಳ್ಳುವ ಹೊತ್ತಿಗೆ ಸೇತುವೆ ಬಂತು. ಅದೂ ತಾನಾಗಿ ಬಂದದ್ದಲ್ಲ. ಆ ಸೀಮೆಯ ಜನ ಅರ್ಜಿ ಕೊಟ್ಟು, ಧರಣಿ ಕೂತು, ಪಾದಯಾತ್ರೆ ಮಾಡಿ ಪಡೆದದ್ದು.

ಸೇತುವೆಯಿಂದ ಲಾಂಚಿನ ಸೊಬಗು ಹೋಯಿತು ಅಂತ ಕೊರಗುವವರನ್ನು ಕಂಡಿದ್ದೇನೆ. ವಾರದ ಕೊನೆಗೆ ಬಂದುಹೋಗುವವರಿಗೆ ಹಾಗೆ ಅನ್ನಿಸಬಹುದು. ನಾನು ಆ ಕೊರಗಿಗೆ ಸೇರುವುದಿಲ್ಲ. ದಡದಲ್ಲಿ ಚಹಾ, ಸೌತೆಕಾಯಿ, ಮಂಡಕ್ಕಿ ಮಾರುತ್ತಿದ್ದ ಅಂಗಡಿಯವರ ಕಷ್ಟ ಮಾತ್ರ ನಿಜ. ಗಾಡಿಗಳು ಈಗ ಅಲ್ಲಿ ನಿಲ್ಲುವುದಿಲ್ಲ. ಅವರಿಗೆ ಸೇತುವೆಯ ತುದಿಯಲ್ಲಿ ಜಾಗ ಮಾಡಿಕೊಡುವುದು ನಾನೂರು ಕೋಟಿ ಹಾಕಿದವರಿಗೆ ದೊಡ್ಡ ವಿಷಯವಾಗಬಾರದು. ದೇವಸ್ಥಾನಕ್ಕೆ ಜನ ವಿಪರೀತ ಬರುತ್ತಾರೆ, ಕಸ ಹೆಚ್ಚುತ್ತದೆ, ರೆಸಾರ್ಟುಗಳು ಏಳುತ್ತವೆ ಅನ್ನುವ ಭಯ ಆ ಕಡೆಯವರಿಗೂ ಇದೆ. ಅದಕ್ಕೆ ಮದ್ದು ಬೇರೆ ಹುಡುಕಬೇಕು. ಅವರನ್ನು ನೀರಿನ ಆಚೆ ಇಡುವುದು ಮದ್ದಲ್ಲ.

ಸೇತುವೆಯಾದ ಮೇಲೆ ಬಸ್ಸಿನಲ್ಲಿ ಆ ಕಡೆ ಹೋದಾಗ ಪಕ್ಕದಲ್ಲಿ ತುಮರಿಯಿಂದ ಒಳಗಿನ ಒಂದು ಊರಿನ ಹಿರಿಯರೊಬ್ಬರು ಕೂತಿದ್ದರು. ಸಾಗರದ ಆಸ್ಪತ್ರೆಯಲ್ಲಿ ಮೊಮ್ಮಗಳಿಗೆ ಹೆರಿಗೆಯಾಗಿತ್ತು, ಮಗು ನೋಡಿಕೊಂಡು ವಾಪಸು ಹೊರಟಿದ್ದರು. "ಈಗ ಎಷ್ಟೊತ್ತಿಗೆ ಬೇಕಾದ್ರೂ ಹೋಗಿ ಬರ್ಬಹುದು ಬಿಡಿ" ಅಂದರು. ಖುಷಿಯಲ್ಲಿದ್ದರು. ಬಸ್ಸಿಳಿದು ಮನೆಗೆ ಎಷ್ಟು ದೂರ ಅಂತ ಕೇಳಿದೆ.

"ದೂರ ಏನಿಲ್ಲ, ಒಂದು ಮೈಲಿ. ಮಧ್ಯ ಒಂದು ಹಳ್ಳ ಇದೆ. ಸಂಕ ಹಾಕಿದೀವಿ."

ಅಡಿಕೆ ಮರದ್ದಾ ಅಂತ ಕೇಳಿದೆ. ಹೌದು ಅಂದರು. ಈ ವರ್ಷ ಒಂದು ಮರ ಮೆತ್ತಗಾಗಿದೆ, ಬಾಣಂತಿ ಬರುವ ಮೊದಲು ಬದಲಿಸಬೇಕು, ಮಗನಿಗೆ ಹೇಳಿದ್ದೇನೆ ಅಂದರು. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೀರಾ ಅಂದಾಗ, ಕೊಟ್ಟಿದ್ದೇವೆ, ಗ್ರಾಮಸಭೆಯಲ್ಲಿ ಬರೆದುಕೊಂಡಿದ್ದಾರೆ, ಪಟ್ಟಿಯಲ್ಲಿ ಇದೆಯಂತೆ ಅಂದರು. ಅವರ ಸ್ಟಾಪ್ ಬಂತು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಡೆ ಹಿಡಿದು ಇಳಿದರು. ಆ ಪಟ್ಟಿಯಲ್ಲಿ ಅವರ ಸಂಕ ಎಷ್ಟನೆಯದು ಅಂತ ಪಂಚಾಯಿತಿಯಲ್ಲಿ ವಿಚಾರಿಸಿ ಹೇಳುತ್ತೇನೆ ಅಂತ ಅವರ ನಂಬರ್ ಬರೆದುಕೊಂಡಿದ್ದೇನೆ. ಮುಂದಿನ ಗ್ರಾಮಸಭೆಗೆ ಮೊದಲು ಆ ಕೆಲಸ ಆಗಬೇಕು.